ಅಂಚು

ನಂದೂರಿನ ದಾಲ್‌ಮಿಲ್ಲಿನಲ್ಲಿ
ಏಳಿಂಚಿನ ಪರದೆ,
ಅದರ ಬೆನ್ನಿಗೆ ಬಿಸ್ಕೀಟಿನಷ್ಟು ಕಂಪ್ಯೂಟರು.
ತೂಕದ ಅಂಕಿಗಳ ಸುತ್ತ
ನೀಲಿ ಪಟ್ಟಿ, ಚೌಕಟ್ಟು,
ಮೂಲೆಯಲ್ಲೊಂದು ಗುಣಾಕಾರ ಚಿಹ್ನೆ.
ಸಾಬಮ್ಮನ ಹೆಬ್ಬೆರಳು, ತೊಗರಿಯ ಧೂಳು ಮೆತ್ತಿದ್ದು,
ದಿನಕ್ಕೆ ನಾಲ್ಕು ಸಲ ಅದನ್ನೇ ಒತ್ತಿ
ತೂಕ ಮಾಯ. ಹೊರಗೆ ಲಾರಿಯ ಹಾರ್ನು.

"ಬ್ಯಾಳಿಗಿ ಹೊಟ್ಟ್ಯಾಕ್ರೀ?
ಸುಲದು ಒಗೀರಿ" ಅಂದಳು.

ಒಂದೇ ಸಾಲು ಬರೆದೆ. ಅಂಚು ಉದುರಿತು.
ಅಂಕಿ ಪರದೆ ತುಂಬ ಬೆಳೆದು ನಿಂತಿತು,
ಬಾಗಿಲಾಚೆ ಚೀಲ ಹೊತ್ತವನಿಗೂ
ಕಾಣುವಷ್ಟು.

ಸಂಜೆ ನೋಡಿದರೆ
ಪರದೆಯ ಸುತ್ತ
ಹಳೇ ಇಳಕಲ್ ಸೀರೆಯ ಅಂಚು ಅಂಟಿಸಿದ್ದಾಳೆ,
ಕೆಂಪು, ಎರಡು ಬೆರಳಗಲ.

"ಬರೇ ಮೈಲೆ ನಿಂತಿತ್ತಲ್ರೀ, ಪಾಪ.
ಈ ಅಂಚು ಒತ್ತಿದ್ರ
ಏನೂ ಮುಚ್ಚಂಗಿಲ್ಲ ನೋಡ್ರಿ."