ಹಿಕ್ಕೆಯ ಲೆಕ್ಕ

ಬುಧವಾರದ ಆಗುಂಬೆ ಬಸ್ಸಿನಲ್ಲಿ ಬರುತ್ತದೆ ಪೊಟ್ಟಣ.
ಡ್ರೈವರನ ಸೀಟಿನ ಹಿಂದೆ, ಯಾರದೋ ಬಾಳೆಗೊನೆಯ ಪಕ್ಕ,
ಹಳೇ ಪೇಪರಿನಲ್ಲಿ ಸುತ್ತಿದ ಜಿಂಕೆ ಹಿಕ್ಕೆ.
ಕಂಡಕ್ಟರ್ ಈಗೀಗ ಮೂಗು ಮುಚ್ಚುವುದಿಲ್ಲ,
"ನಿಮ್ಮ ಮದ್ದು ಬಂತು ಮಾರಾಯ್ರೆ" ಎನ್ನುತ್ತಾನೆ.

ಹೆಬ್ಬೆರಳಲ್ಲಿ ಒತ್ತಿ ನೋಡಿಯೇ ಕಳಿಸುವವ ತನಿಯ,
ಹೆಬ್ರಿಯಾಚೆ ಬೆಂಕಿ ಕಾಯುವ ವಾಚರ್.
ಮೇಲೆ ಪೆನ್ಸಿಲಿನಲ್ಲಿ:
"ಗಟ್ಟಿ. ಗುಂಡು. ಒಳಗೆ ಬರೀ ನಾರು."
ನಾನು ಎರಡು ದಿನ ಒಣಗಿಸಿ, ಅರೆದು, ಆ್ಯಸಿಡ್ಡಿನಲ್ಲಿ ಕುದಿಸಿ
ಅದನ್ನೇ ಅಂಕಿಯಲ್ಲಿ ಬರೆಯುತ್ತೇನೆ.

ಇಲ್ಲಿಯ ಚಳಿಗಾಲಕ್ಕೆ ಹಲ್ಲಿಲ್ಲ.
ಮಣಿಪಾಲದ ಗುಡ್ಡದಲ್ಲಿ ಬೆಳಿಗ್ಗೆ ಶಾಲು, ಹತ್ತಕ್ಕೆ ಬೆವರು.
ಅದು ಕಚ್ಚುವುದು ಹುಲ್ಲನ್ನು.
ಮಾರ್ಗಶಿರದ ಹೊತ್ತಿಗೆ ಪದವಿನ ಮುಳಿ
ತನ್ನ ಜೀವ ಬೇರಿಗಿಳಿಸಿ
ಮೇಲೆ ಬರೀ ಒಣ ಹೊಳಪು ಬಿಟ್ಟು ನಿಲ್ಲುತ್ತದೆ.
ಮುರಕಲ್ಲ ಮೇಲೆ ಗಾಳಿ ಬಂದರೆ ಕಾಗದದ ಸದ್ದು.
ಜಿಂಕೆ ತಿನ್ನುತ್ತದೆ. ನಸುಕಿನಿಂದ ತಿನ್ನುತ್ತದೆ.
ನೂರಕ್ಕೆ ನಾಲ್ಕು ಪ್ರೋಟೀನು. ಆರಾದರೂ ಬೇಕು,
ಇಲ್ಲದಿದ್ದರೆ ಹೊಟ್ಟೆಯೊಳಗಿನ ಕಣ್ಣಿಗೆ ಕಾಣದ ಕೆಲಸದವರು
ಕೈಕಟ್ಟಿ ಕೂರುತ್ತಾರೆ,
ಹುಲ್ಲು ಹಾಗೇ ಬಿದ್ದಿರುತ್ತದೆ, ಬಿಚ್ಚದ ಮೂಟೆ.

ತುಂಬಿದ ಹೊಟ್ಟೆಯಲ್ಲೇ ಸೊರಗುವುದು ಹೇಗೆಂದು
ಪುಸ್ತಕ ಓದಿ ನಂಬಿರಲಿಲ್ಲ.
ತನಿಯ ತೋರಿಸಿದ: ಹೊಟ್ಟೆ ಡೋಲು, ಸೊಂಟದ ಎಲುಬು ಕೊಡೆಯ ಕಡ್ಡಿ,
ಮುಸುವ ಮೇಲಿಂದ ಕಚ್ಚಿ ಎಸೆಯುವ ಅರೆಚಿಗುರಿಗೆ
ಕತ್ತೆತ್ತಿ ನಿಂತ ಗಬ್ಬದ ಜಿಂಕೆ,
ಬಸ್ಸಿಗೆ ಕಾಯುವವರ ಹಾಗೆ, ಮಾತಿಲ್ಲದೆ.

ಜನವರಿಯ ಕೊನೆಯ ಪೊಟ್ಟಣ ಹಗುರ.
ಹಿಕ್ಕೆಯಲ್ಲ; ಉಪ್ಪಳಿಗೆ ಎಲೆಯಲ್ಲಿ ಒಂದು ಹಿಡಿ ಹುಲ್ಲು,
ಗಿಣಿಹಸಿರು, ಬುಡದಲ್ಲಿ ಕರಿ.
ಪೆನ್ಸಿಲಿನ ಬರಹ ಇಲ್ಲ.
ಮೂಸಿದೆ. ಹೊಗೆ.

ಬೆಂಕಿ ನಂದಿಸಲೆಂದೇ ಸಂಬಳ ಪಡೆಯುವವ.
ಅವನ ಅಜ್ಜಂದಿರು ಮುಳಿಗೆ ಕಿಡಿ ತಾಗಿಸಿ,
ಇಬ್ಬನಿ ಇಳಿಯಲು ಬಿಟ್ಟು, ಹದಿನೈದನೇ ದಿನ
ಎದ್ದ ಎಳೆಗರಿಯನ್ನು ದನಕ್ಕೂ ಕಡವೆಗೂ ಬಿಟ್ಟುಕೊಟ್ಟವರು.
ಈಗ ಅದು ಕೇಸು.
ಆ ಕಿಡಿ ಇವನದೋ, ಯಾರೋ ಎಸೆದ ಬೀಡಿಯದೋ,
ನಂದಿಸಲು ಹೋದ ಕಾಲು ಸ್ವಲ್ಪ ನಿಧಾನವಾಯಿತೋ,
ನಾನು ಫೋನು ಮಾಡಿ ಕೇಳಲಿಲ್ಲ.

ಒಣಗಿಸಿದೆ. ಅರೆದೆ. ಕುದಿಸಿದೆ.
ಹನ್ನೊಂದು ದಶಾಂಶ ಎರಡು.
ಎರಡನೇ ಸಲವೂ ಅಷ್ಟೇ.

ರಿಜಿಸ್ಟರಿನಲ್ಲಿ ಅಂಕಿ ಬರೆದೆ, ತಾರೀಕು ಬರೆದೆ.
'ಸಂಗ್ರಹಿಸಿದ ಜಾಗ' ಎಂಬ ಕಾಲಮ್ಮಿನ ಮೇಲೆ
ಪೆನ್ನು ಒಂದಿಷ್ಟು ಹೊತ್ತು ನಿಂತು, ಮುಂದೆ ಹೋಯಿತು.

ಮುಂದಿನ ಬುಧವಾರ ಮತ್ತೆ ಹಿಕ್ಕೆ.
ಮೆತ್ತಗೆ, ಒಂದಕ್ಕೊಂದು ಅಂಟಿಕೊಂಡು.
ಪೆನ್ಸಿಲಿನಲ್ಲಿ ಒಂದೇ ಮಾತು:
"ಸಾಕಾ?"