ಒಂದು ಗುರುತು ಸಾಲದು

ಹಾಗೆ ಒಂದೇ ಸಲಕ್ಕೆ ಮಗುಚಬೇಡ, ಗೊನಾರಿಯೊ.
ಅದಕ್ಕೂ ತಲೆ ಸುತ್ತುತ್ತದೆ. ಎರಡೂ ಕೈಯಲ್ಲಿ ಹಿಡಿ,
ಒಲೆಯಿಂದ ತೆಗೆದ ಬ್ರೆಡ್ಡು ಹಿಡಿಯುವ ಹಾಗೆ,
ನಿಧಾನ ವಾಲಿಸು.
ಮೇಲಿನಿಂದ ನೋಡಿದರೆ ಎಲ್ಲವೂ ಅಣ್ಣತಮ್ಮಂದಿರು:
ಅದೇ ಹಳದಿ, ಅದೇ ಕಪ್ಪು, ಅದೇ ಮುದಿ ಮೋರೆ.
ಗಲ್ಲುರಾದ ಈ ಗುಡ್ಡದಲ್ಲಿ ಆಮೆಯದು ಮೂರು ಕುಲ,
ಮೂರಕ್ಕೂ ನಮ್ಮೂರವರು ಇಟ್ಟದ್ದು ಒಂದೇ ಹೆಸರು.
ಹೆಸರಿಗೇನು, ಕರೆದರೆ ಯಾವುದೂ ಬರುವುದಿಲ್ಲ.

ತೊಡೆ ತಡವು. ನಾಚಬೇಡ.
ಬಾಲದ ಇಕ್ಕೆಲದಲ್ಲಿ, ಹುಂಜದ ಕಾಲಿಗಿರುವಂಥ
ಮೊಂಡು ಮುಳ್ಳು ಸಿಕ್ಕಿತೆ?
ಸಿಕ್ಕಿದರೆ ಅದು ಮುಳ್ಳುತೊಡೆ. ಎಡಗಡೆಯ ಪೆಟ್ಟಿಗೆಗೆ.
ಸಿಗಲಿಲ್ಲವೇ, ಬಾಲದ ತುದಿ ನೋಡು:
ಅಲ್ಲೊಂದು ಉಗುರು, ಮುದುಕಿಯ ಕಿರುಬೆರಳಿನದು,
ನನ್ನದೇ ಅನ್ನು ಬೇಕಾದರೆ.
ಅದು ಹರ್ಮನ್. ಅದರ ಬಾಲದ ಮೇಲಣ ಹಲಗೆ
ನಡುವೆ ಸೀಳಿ ಎರಡಾಗಿರುತ್ತದೆ,
ಓದುತ್ತ ಬೋರಲು ಹಾಕಿಟ್ಟ ಪುಸ್ತಕದಂತೆ.
ಇನ್ನು, ಹಿಂದುಗಡೆ ಲಂಗದ ಅಂಚು ಅರಳಿಸಿಕೊಂಡು
ಸೊಂಟ ಸಣ್ಣ ಮಾಡಿಕೊಂಡದ್ದು ಅಂಚುಗಾರ್ತಿ.
ಹೊಟ್ಟೆಯ ಮೇಲೆ ಜೋಡಿ ಜೋಡಿ ಕಪ್ಪು ತ್ರಿಕೋನ.
ಯಾವ ಕಾಲದಲ್ಲೋ, ಯಾವ ಗ್ರೀಕನ ಹಡಗಿನಲ್ಲೋ
ಅಡುಗೆಗೆಂದು ಬಂದು, ತಪ್ಪಿಸಿಕೊಂಡು ಉಳಿದದ್ದು
ಎನ್ನುತ್ತಾರೆ. ನಾವೇನು ಈಜಿ ಬಂದೆವೆ?

ಬರೆದುಕೊಂಡೆಯಾ? ಸರಿ, ಈಗ ಅಷ್ಟನ್ನೂ ನಂಬಬೇಡ.
ಹೋದ ವಾರ ತಂದ ಹರ್ಮನ್‌ನ ಹಲಗೆ ಸೀಳಿರಲೇ ಇಲ್ಲ.
ಇನ್ನೊಂದರ ಬಾಲದುಗುರು ಯಾವ ನಾಯಿ ಕಚ್ಚಿತೋ.
ಮರಿ ಅಂಚುಗಾರ್ತಿಗೆ ಲಂಗವೇ ಇಲ್ಲ,
ಪ್ರಾಯಕ್ಕೆ ಬಂದ ಮೇಲೆಯೇ ಆ ಒಯ್ಯಾರ.
ಒಂದು ಗುರುತು ಸಾಲದು.
ಎರಡಾದರೆ ಪೆನ್ಸಿಲಿನಲ್ಲಿ ಬರೆ.
ಮೂರಾದರೆ ಶಾಯಿ.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ,
ಆ ದೊಡ್ಡ ಬೆಂಕಿಯ ವರ್ಷ, ನೀನು ಹುಟ್ಟಿರಲಿಲ್ಲ,
ಕಾರ್ಕ್ ಮರಗಳ ಕಣಿವೆಗೆ ಇಳಿದವರು ಐವರು.
ಗಾಳಿ ತಿರುಗಿತು.
ಶಾಲೆಯ ಅಂಗಳದಲ್ಲಿ ಕಂಬಳಿ ಹೊದಿಸಿ ಮಲಗಿಸಿದ್ದರು.
ಠಾಣೆಯವನು ಟೋಪಿ ಕಂಕುಳಲ್ಲಿ ಇಟ್ಟುಕೊಂಡು
"ಗುರುತು ಏನಾದರೂ, ಅಮ್ಮ?" ಎಂದ.
ಬಾಕಿಸಿಯೊನ ಎಡಪಾದದ ಎರಡನೇ ಬೆರಳು
ಹೆಬ್ಬೆರಳಿಗಿಂತ ಉದ್ದ, ಎಂದೆ.
ಮೂರನೆಯ ಕಂಬಳಿ ಎತ್ತಿದರು. ಉದ್ದವಿತ್ತು.
ತಲೆಯಾಡಿಸಿದೆ.
ನಾಲ್ಕನೆಯದನ್ನು ಎತ್ತಿಸಲಿಲ್ಲ.

ಮುಂದಿನ ಬೇಸಿಗೆ, ಕಡಲ ದಂಡೆ, ಬರಿಗಾಲಿನ ಜನ.
ಎಣಿಸುತ್ತ ಕೂತೆ.
ಹತ್ತರಲ್ಲಿ ಇಬ್ಬರಿಗೆ, ಒಂದೊಂದು ಸಲ ಮೂವರಿಗೆ,
ಎರಡನೇ ಬೆರಳು ಉದ್ದ.
ಆಮೇಲೆ ಸಮುದ್ರಕ್ಕೆ ಹೋಗುವುದನ್ನು ಬಿಟ್ಟೆ.
ಪ್ರತಿ ನವೆಂಬರಿನಲ್ಲಿ ಒಂದು ಗೋರಿಗೆ ಸೇವಂತಿಗೆ ಇಡುತ್ತೇನೆ,
ಪಕ್ಕದ್ದಕ್ಕೂ ಅರ್ಧ ಹಿಡಿ.
ಪಕ್ಕದ ಗೋರಿಯ ಪಿಯೆರಾ ಕೂಡ ಹಾಗೇ ಮಾಡುತ್ತಾಳೆ.
ನಾವಿಬ್ಬರೂ ಇದನ್ನು ಮಾತಾಡಿಕೊಂಡಿಲ್ಲ;
ಮಳೆ ಬಂತೇ, ಮೊಣಕಾಲು ಹೇಗಿದೆ, ಅಷ್ಟೆ.

ಆ ಮೂವತ್ತೊಂದನೆಯದನ್ನು ಯಾಕೆ ಬೆನ್ನ ಹಿಂದೆ ಇಟ್ಟೆ?
ಕೊಡು ಇಲ್ಲಿ.
ಹ್ಞಾ. ಹಿಂಭಾಗ ಪೂರ್ತಿ ಕರಕಲು.
ಬಾಲದ ತುದಿ ಹೋಗಿದೆ, ತೊಡೆಯ ಚರ್ಮ ಸುಲಿದಿದೆ.
ಹೊಟ್ಟೆ ಒರೆಸು. ನೀರು ಉಗುರುಬೆಚ್ಚಗಿರಲಿ.
ಎರಡು ಕಪ್ಪು ಪಟ್ಟಿ, ಎದೆಯಿಂದ ಬಾಲದವರೆಗೆ
ಮುರಿಯದೆ ಇಳಿದಿದ್ದರೆ ಹರ್ಮನ್ ಎನ್ನಬಹುದು.
ಇದು ಪಟ್ಟಿಯೋ ಮಸಿಯೋ?
ಇನ್ನೊಮ್ಮೆ ಒರೆಸು. ಮೆಲ್ಲಗೆ.
ನನ್ನ ಕಣ್ಣಿಗೆ ಪೊರೆ, ನೀನೇ ಹೇಳು.

ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎನ್ನು.
ಫಾರಮಿನ ಆ ಚೌಕ ಖಾಲಿ ಇರಲಿ,
ಇಲಾಖೆಯವನು ಫೋನು ಮಾಡಿದರೆ ನನಗೆ ಕೊಡು.
ಬೇರೆ ಪೆಟ್ಟಿಗೆ ತಾ, ಹುಲ್ಲು ಹಾಸು,
ಚಿಕ್ಕರಿಯ ಎಳೆ ಎಲೆ ಎರಡು ಇಡು.

ಅರೆ, ಒದೆಯಿತು ನೋಡು.
ಯಾವ ಕಾಲು? ಎಡಗಡೆಯ ಹಿಂಗಾಲೇ?
ಅದನ್ನು ಬರೆದುಕೋ.