ಗುರುವಾರ ಸಂಜೆ, ಆರು ರಿಂಗು

ಹಂದಿಯ ಲಿವರು ತೂಗಿಕೊಡುತ್ತ
ಅಂಗಡಿಯ ಹುಡುಗಿ ಕೇಳುತ್ತಾಳೆ:
ಎಷ್ಟು ಬೆಕ್ಕು ಸಾಕಿದ್ದೀರಿ?
ನೂರಾ ನಲವತ್ತು, ಅನ್ನುವುದಿಲ್ಲ ನಾನು.
ನಕ್ಕು, ಚಿಲ್ಲರೆ ಎಣಿಸಿಕೊಂಡು ಬರುತ್ತೇನೆ.

ಪ್ರಯೋಗಾಲಯದ ಡಬ್ಬಿಗಳಲ್ಲಿ, ಮರದ ಹೊಟ್ಟಿನ ಮೇಲೆ
ಹಸಿದು ಕೂತಿವೆ ಯೆಫ್ರೆಮನ ಹುಳುಗಳು.
(ಕಡತದಲ್ಲಿ ಅವಕ್ಕೆ ಬರೀ ನಂಬರು. ಬಾಯಿಗೆ ಬರುವುದು ಹೀಗೆ.)

ಇನಾರಿಯ ಆಚೆ, ಸೇವೆತ್ತಿಯಾರ್ವಿಯ ದಂಡೆಯಲ್ಲಿ,
ಒಂಟಿ ಮನೆಯಲ್ಲಿ ಸಿಕ್ಕ ಮುದುಕ. ಬಲೆ ಹೆಣೆಯುವವನು.
ಜೂನ್ ತಿಂಗಳು. ಮುಳುಗದ ಸೂರ್ಯ.
ರಾತ್ರಿ ಹೊತ್ತು ನೊಣ ಮೊಟ್ಟೆಯಿಡದು ಅನ್ನುತ್ತದೆ ಪುಸ್ತಕ;
ಪುಸ್ತಕ ಬರೆದವನ ಊರಲ್ಲಿ ರಾತ್ರಿ ಇತ್ತು.

ಹುಟ್ಟಿದ ಗಳಿಗೆ ಹಿಡಿದು ಸಾವಿನ ದಿನ ಹೇಳುವವರಿದ್ದಾರೆ.
ನನ್ನದೂ ಹೆಚ್ಚುಕಡಿಮೆ ಅದೇ ಕಸುಬು.
ಹುಟ್ಟು ಮಾತ್ರ ನೊಣದ್ದು.

ಬಿಸಿಯೇ ಅದರ ಪಂಚಾಂಗ.
ತಳದಲ್ಲಿ ತೂತಿರುವ ಗಳಿಗೆ ಬಟ್ಟಲು
ತೊಟ್ಟು ತೊಟ್ಟು ತುಂಬಿ ಮುಳುಗುವ ಹಾಗೆ
ತಾಸು ತಾಸಿನ ಶಾಖ ಮೈಗಿಳಿದು
ಹುಳು ಎರಡು ಸಲ ಪೊರೆ ಬಿಡುತ್ತದೆ,
ಒಣನೆಲ ಹುಡುಕಿ ಹೊರಡುತ್ತದೆ,
ಬಿರುಸಾಗಿ ಕಂದು ಕಾಳಾಗುತ್ತದೆ.
ಆಮೇಲೆ ನೀಲಿ.
ಚಳಿ ಬಿತ್ತೋ, ಬಟ್ಟಲಿಗೆ ಒಂದು ಹನಿಯೂ ಇಲ್ಲ.
ಕಾಲ ಅಲ್ಲೇ ನಿಂತು ಕೈ ಉಜ್ಜಿಕೊಳ್ಳುತ್ತದೆ.

ಕೆಲವನ್ನು ಕುದಿನೀರಿಗೆ ಹಾಕಿದೆ, ನೆಟ್ಟಗಾಗಲೆಂದು.
ಎಲ್ಲಕ್ಕೂ ಉದ್ದದ್ದು ಹದಿನಾಲ್ಕು ಮಿಲಿಮೀಟರ್.

ಹೊಡೆತದ ಗುರುತಿಲ್ಲ, ಹೃದಯ ನಿಂತಿದೆ ಅಷ್ಟೆ,
ಅಂದ ಪೊಲೀಸು ಕೌಕೊ.
ಬುಧವಾರವಾದರೇನು, ಶುಕ್ರವಾರವಾದರೇನು,
ಯಾರಿಗೆ ಬೇಕು?

ಬೇಕಿತ್ತು ಒಬ್ಬಳಿಗೆ.
ಗಡಿಯಾಚೆ ಕಿರ್ಕೆನೆಸ್‌ನಲ್ಲಿ
ಹೋಟೆಲಿನ ಹಾಸಿಗೆ ಬಟ್ಟೆ ಒಗೆದು ಮುದುಕಿಯಾದ ತಂಗಿ, ವಸ್ಸಾ.
ಅಪ್ಪನ ದೋಣಿಯನ್ನು ಅಣ್ಣ ಕೇಳದೆ ಮಾರಿದ.
ಹನ್ನೊಂದು ವರ್ಷ ಮಾತಿಲ್ಲ.
ಮೊನ್ನೆ ಗುರುವಾರ ಸಂಜೆ, ಯಾಕೋ, ಫೋನು ಮಾಡಿದಳು.
ಆರು ರಿಂಗು. ಎತ್ತಲಿಲ್ಲ.

ಮನೆಯಲ್ಲೊಂದು ಎಣ್ಣೆ ಒಲೆ,
ತೊಟ್ಟು ತೊಟ್ಟಾಗಿ ಎಣ್ಣೆ ಇಳಿದು ಉರಿಯುವಂಥದು.
ಟ್ಯಾಂಕು ಬರಿದು.
ಚಳಿಗಾಲಕ್ಕೇ ಬರಿದಾಗಿತ್ತೋ,
ಅವನು ಸತ್ತಮೇಲೂ ನಾಲ್ಕು ದಿನ
ಹೆಣಕ್ಕೆ ಚಳಿ ಕಾಯಿಸುತ್ತ ಕೂತು ಬರಿದಾಯಿತೋ,
ಹುಳು ಹೇಳುವುದಿಲ್ಲ.

ಎರಡು ಲೆಕ್ಕ ಹಾಕಿದೆ.
ಒಲೆ ಆರಿದ್ದರೆ ಹುಳು ನಿಧಾನ ಬೆಳೆದಿರಬೇಕು: ಬುಧವಾರವೇ ಹೋಗಿದ್ದ.
ಒಲೆ ಉರಿದಿದ್ದರೆ ದಡದಡ ಬೆಳೆದಿವೆ: ಶುಕ್ರವಾರ.
ಅಂದರೆ, ಗುರುವಾರ ಸಂಜೆ ಅವನಿದ್ದ.

ಫೋನಿನಲ್ಲಿ ಕೇಳಿದೆ ವಸ್ಸಾಳನ್ನು,
ಲೆಕ್ಕ ಎತ್ತ ವಾಲುತ್ತದೆಂದು ಹೇಳದೆ,
(ಹೇಳಬಾರದು, ನಿಯಮ; ಹೇಳುವ ಧೈರ್ಯವೂ ಇರಲಿಲ್ಲ)
ಜೂನಿನಲ್ಲಿ ಒಲೆ ಹಚ್ಚುತ್ತಿದ್ದನೇ ನಿಮ್ಮಣ್ಣ?

ಹಚ್ಚದೆ ಏನು, ಅಂದಳು ತಟ್ಟನೆ.
ಹದಿನೇಳಕ್ಕೇ ಮಂಜುನೀರಿಗೆ ಬಿದ್ದು ಎದ್ದವನು,
ಮಂಡಿಯೊಳಗೆ ಕೆರೆ ಇದೆ ಅನ್ನುತ್ತಿದ್ದ.
ವರ್ಷವಿಡೀ ಉರಿಯಬೇಕು ಅವನಿಗೆ.
ಸೌದೆಗೆ ಬಗ್ಗಲಾರ, ಅದಕ್ಕೇ ಎಣ್ಣೆ. ದೋಣಿ ಮಾರಿ
ಕೊಂಡದ್ದು ಮತ್ತೇನು, ಆ ಒಲೆಯನ್ನೇ.

ತಂತಿಯಲ್ಲಿ ಬರೀ ಸಮುದ್ರದ ಗಾಳಿ ಸ್ವಲ್ಪ ಹೊತ್ತು.
ಆಮೇಲೆ ಅವಳೇ ಕೇಳಿದಳು, ಹಾಗಾದರೆ ಯಾವತ್ತು?
ವರದಿ ಬರುತ್ತದೆ, ಅಂದೆ.
ಹುಳು ಸಾಕುವವಳೇ, ನನಗೂ ಎಣಿಸಲು ಬರುತ್ತದೆ, ಅಂದಳು.

ವರದಿಯಲ್ಲಿ ಬರೆದೆ: ಶುಕ್ರವಾರ ಬೆಳಿಗ್ಗೆ,
ಹಿಂದೆ ಮುಂದೆ ಹನ್ನೆರಡು ತಾಸು.
ಆ ಹನ್ನೆರಡು ತಾಸನ್ನು ಹಿಂದಕ್ಕೆ ಜಗ್ಗಿದರೂ
ರಿಂಗಾದ ಗಳಿಗೆ ಮುಟ್ಟುವುದಿಲ್ಲ.
ಮೂರು ಸಲ ಜಗ್ಗಿ ನೋಡಿದೆ.

ವಾರ ಕಳೆದು ಒಂದು ಕಾಗದ ಬಂತು, ಎರಡೇ ಸಾಲು.
ಎತ್ತಲಿಲ್ಲ, ಸರಿ. ಆದರೆ ಆರು ರಿಂಗೂ
ಕೇಳಿಸಿಕೊಂಡನಲ್ಲ.

ಕಂದು ಕಾಳುಗಳು ಒಡೆದವು ಮಂಗಳವಾರ, ನಡುರಾತ್ರಿ, ಬಿಸಿಲಲ್ಲಿ.
ಒದ್ದೆ ರೆಕ್ಕೆ, ಇನ್ನೂ ಬೂದಿ ಬಣ್ಣ.
ಜಾತಿ ಗುರುತಿಸಿದೆ, ಸೂಜಿ ಚುಚ್ಚಿ ಚೀಟಿ ಅಂಟಿಸಿದೆ.
ಈ ವಾರ ಬೇಡವೇ ಲಿವರು, ಕೇಳಿದಳು ಹುಡುಗಿ,
ಬೆಕ್ಕುಗಳಿಗೆ ಏನಾಯಿತು?

ರೆಕ್ಕೆ ಬಂತು, ಅಂದೆ.